ಎಂಜಿನಿಯರ್ ಆಗಿ ಹೋಗಿ ದಿವಾನರಾದವರು: ಸರ್ ಎಂ. ವಿಶ್ವೇಶ್ವರಯ್ಯ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳ ನೀರು



ಕಳೆದ ಸೆಪ್ಟೆಂಬರ್ 15ರಂದು, ಎಂಜಿನಿಯರ್‌ಗಳ ದಿನದ ನಿಮಿತ್ತ, ಇಂಡಿಯಲ್ಲಿ ವಸತಿ ನಿಲಯದ ಹುಡುಗರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ನಾನು ಓದಿದ್ದು ಪಿಯುಸಿ, ಮಾಡುವುದು ಕಾಳುಕಡಿ ವ್ಯಾಪಾರ. ಆದರೂ ಹಿರಿಯನೆಂದು ಕರೆದರು, ಹೋದೆ. ವಿಶ್ವೇಶ್ವರಯ್ಯನವರ ಬಗ್ಗೆ ಏನು ಗೊತ್ತು ಎಂದು ಕೇಳಿದರೆ ಹುಡುಗರೆಲ್ಲ ಎರಡೇ ಕಥೆ ಹೇಳಿದರು. ಒಂದು, ರೈಲಿನಲ್ಲಿ ಕುಳಿತು ಹಳಿ ತಪ್ಪಿದ್ದನ್ನು ಸಪ್ಪಳದಿಂದಲೇ ತಿಳಿದ ಕಥೆ. ಇನ್ನೊಂದು, ಸರ್ಕಾರದ ಮೇಣದ ಬತ್ತಿ ಆರಿಸಿ ಸ್ವಂತದ ಬತ್ತಿ ಹಚ್ಚಿದ ಕಥೆ. ಮುದ್ದೇಬಿಹಾಳ ಕಡೆಯ ಹುಡುಗನೊಬ್ಬ ಮಾತ್ರ ಎದ್ದು ನಿಂತು, ಅವರು ಮೈಸೂರಿನವರಲ್ಲವೇ, ನಮ್ಮ ಕಡೆಗೂ ಅವರಿಗೂ ಏನು ಸಂಬಂಧ ಎಂದು ಕೇಳಿದ. ಆ ದಿನ ನನಗೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಮನೆಗೆ ಬಂದ ಮೇಲೆ ಅವರ ಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಹುಡುಗನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಂಗತಿ ಅವರ ಹೆಸರಿನಲ್ಲಿಯೇ ಇದೆ. ಮೋಕ್ಷಗುಂಡಂ ಎಂಬುದು ಮೈಸೂರು ಸೀಮೆಯ ಊರಲ್ಲ. ಅದು ಆಂಧ್ರದ ಗಿದ್ದಲೂರು ಕಡೆಯ ಹಳ್ಳಿ. ಅವರ ಪೂರ್ವಜರು ಎಷ್ಟೋ ತಲೆಮಾರುಗಳ ಹಿಂದೆ ಅಲ್ಲಿಂದ ವಲಸೆ ಬಂದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ನೆಲೆಸಿದರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಮ್ಮ ಸಮಾಜದ ಎಷ್ಟೋ ಮನೆಗಳಿಗೆ ಇದು ಹೊಸದಲ್ಲ. ನಮ್ಮ ಅಜ್ಜ ಸೊಲ್ಲಾಪುರ ಕಡೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದವರು. ಮನೆಯಲ್ಲಿ ಒಂದು ಭಾಷೆ, ಗಲ್ಲೆಯ ಮೇಲೆ ಕನ್ನಡ. ಮೂರು ತಲೆಮಾರು ಕಳೆದರೂ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ನಮ್ಮ ಮೂಲ ಊರು ಯಾವುದೆಂದು ಕೇಳಿಯೇ ಕೇಳುತ್ತಾರೆ. ಕನ್ನಡ ನಾಡೆಂದರೆ ಎಲ್ಲರಿಗೂ ಮೊದಲು ನೆನಪಾಗುವ ಮನುಷ್ಯನೂ ಹೀಗೆ ಬಂದವರ ಮನೆಯ ಮಗನೇ ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಏಕೆ ಹೇಳಲಿ.

ಅವರು ಹುಟ್ಟಿದ್ದು 1860ರ ಸೆಪ್ಟೆಂಬರ್ 15ರಂದು ಎಂದು ಹೇಳುತ್ತಾರೆ, ಕೆಲವರು 1861 ಎನ್ನುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಕೊಡಗಿನ ಮನೆತನದ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದರು. ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಆಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ವಿಶ್ವೇಶ್ವರಯ್ಯನವರು ತಮ್ಮ ಯೌವನದ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದದ್ದು ಮೈಸೂರಿಗಲ್ಲ, ನಮ್ಮ ಸರ್ಕಾರಕ್ಕೆ. ನಾಸಿಕ, ಖಾನದೇಶ, ಸೂರತ್, ಪುಣೆ, ಸಿಂಧ್ ಪ್ರಾಂತದ ಸಕ್ಕರ್, ಕೊನೆಗೆ ಸಮುದ್ರದಾಚೆಯ ಏಡನ್. ಎಲ್ಲ ಕಡೆಗೂ ಹೊರಗಿನವರೇ. ಸಕ್ಕರದಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಸೋಸಲು ದೊಡ್ಡ ಸೋಸುಹಾಸು ಕಟ್ಟುವಷ್ಟು ಹಣ ಪುರಸಭೆಯ ಹತ್ತಿರ ಇರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನಲ್ಲಿ ತಾನಾಗಿ ಸೋಸಿ ಬಂದ ನೀರನ್ನು ಮೇಲಕ್ಕೆ ಎತ್ತಿಸಿದರು. ಭೀಮಾ ತೀರದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳು ಹೊಳೆಯ ಮರಳಿನಲ್ಲಿ ವರ್ತಿ ತೋಡಿ ಬಟ್ಟಲಿನಿಂದ ಕೊಡ ತುಂಬಿಸಿಕೊಳ್ಳುತ್ತಿದ್ದದ್ದೂ ಇದೇ ಉಪಾಯ. ಮುಂದೆ ಧಾರವಾಡ, ಬಿಜಾಪುರ ನಗರಗಳ ಕುಡಿಯುವ ನೀರಿನ ಕೆಲಸದಲ್ಲಿಯೂ ಅವರ ಕೈ ಇತ್ತು.

ಅವರ ಎರಡು ದೊಡ್ಡ ಕೆಲಸಗಳು ನಡೆದದ್ದು ಭೀಮೆಯ ಮೇಲ್ಭಾಗದಲ್ಲಿ. ಪುಣೆಯ ಹತ್ತಿರ ಮುಠಾ ನದಿಗೆ ಖಡಕವಾಸಲಾ ಅಣೆಕಟ್ಟು ಇದೆ. ಮಳೆಗಾಲದಲ್ಲಿ ಅದರ ಕೋಡಿಯಿಂದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಪುಣೆಗೂ ಕಾಲುವೆಗೂ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅವರು ಕೂರಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕೋಡಿಯ ಮೇಲೆ ಸುಮಾರು ಎಂಟು ಅಡಿ ನೀರು ಹೆಚ್ಚಿಗೆ ನಿಂತಿತು. ಬಾಗಿಲಿಗೆ ಪೇಟೆಂಟ್ ಅವರ ಹೆಸರಿನಲ್ಲಿತ್ತು. ಆದರೆ ಸರ್ಕಾರದ ಸಂಬಳ ತಿಂದು ಮಾಡಿದ ಕೆಲಸಕ್ಕೆ ರಾಯಲ್ಟಿ ತೆಗೆದುಕೊಳ್ಳುವುದು ಸರಿಯಲ್ಲವೆಂದು ಆ ಹಣವನ್ನು ಬಿಟ್ಟುಕೊಟ್ಟರು. ಮೇಣದ ಬತ್ತಿಯ ಕಥೆ ನಿಜವೋ ಸುಳ್ಳೋ, ಇದು ಮಾತ್ರ ನಿಜ, ಮತ್ತು ಇದರ ಬೆಲೆ ಬತ್ತಿಗಿಂತ ಬಹಳ ಹೆಚ್ಚು.

ಎರಡನೆಯದು ನೀರಾ ಕಾಲುವೆಯ ಬ್ಲಾಕ್ ಪದ್ಧತಿ, 1899ರ ಸುಮಾರಿನದು. ಹುಡುಗರಿಗೆ ಬಾಗಿಲಿನ ಕಥೆ ಹೆಚ್ಚು ಹಿಡಿಸುತ್ತದೆ, ನನಗೆ ಇದು. ಕಾಲುವೆ ಬಂದ ಕಡೆಯಲ್ಲೆಲ್ಲ ಒಂದೇ ರೋಗ: ತಲೆಯ ಕಡೆಯವರು ಕಬ್ಬಿಗೆ ನೀರು ನಿಲ್ಲಿಸಿ ನೆಲ ಜವುಳು ಮಾಡಿಕೊಳ್ಳುತ್ತಾರೆ, ಬಾಲದ ಕಡೆಯವರು ಬಾಯಿ ಒಣಗಿಸಿಕೊಂಡು ಕೂಡುತ್ತಾರೆ. ವಿಶ್ವೇಶ್ವರಯ್ಯನವರು ಮಾಡಿದ್ದು ಇಷ್ಟೇ. ಕಾಲುವೆಯ ನೀರನ್ನು ಒಂದೇ ಕಡೆ ಸುರಿಯದೆ ಹೆಚ್ಚು ಹಳ್ಳಿಗಳಿಗೆ ಹಂಚುವುದು. ಪ್ರತಿ ಹಳ್ಳಿಯಲ್ಲಿಯೂ ನೆಲ ನೋಡಿ ಇಂತಿಷ್ಟು ಎಕರೆಯ ಬ್ಲಾಕ್ ಗುರುತಿಸುವುದು. ಆ ಬ್ಲಾಕಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಬದಲಿಸುತ್ತ ಹೋಗುವುದು. ರೈತನಿಗೆ ನೀರು ಕೆಲವು ವರ್ಷಗಳಿಗೆ ಖಾತ್ರಿ, ಸರ್ಕಾರಕ್ಕೆ ಕರ ಖಾತ್ರಿ, ನೆಲಕ್ಕೂ ವಿಶ್ರಾಂತಿ. ಮೊದಲು ರೈತರೂ ಒಪ್ಪಲಿಲ್ಲ, ಪತ್ರಿಕೆಗಳೂ ಒಪ್ಪಲಿಲ್ಲ. ರೈತರನ್ನು ಕೂಡಿಸಿ ಲೆಕ್ಕ ಹೇಳಿ ಹೇಳಿ ಒಪ್ಪಿಸಬೇಕಾಯಿತು. ಮುಂದೆ ಮಂಡ್ಯದ ಕಾಲುವೆಯಲ್ಲಿಯೂ ಇದೇ ಕ್ರಮ ಬಂತು.

ಮುಠಾ ನೀರೂ ನೀರಾ ನೀರೂ ಕೊನೆಗೆ ಭೀಮೆಗೇ ಬರುತ್ತದೆ, ಭೀಮೆ ಇಂಡಿ ಸಿಂದಗಿಯ ಅಂಚಿನಲ್ಲಿ ಹರಿದು ಹೋಗುತ್ತಾಳೆ. ಇತ್ತ ಬಾಗೇವಾಡಿ, ಮುದ್ದೇಬಿಹಾಳಕ್ಕೆ ಕೃಷ್ಣೆ. ಈಗ ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದು ಇಂಡಿ ಶಾಖಾ ಕಾಲುವೆ ಬಂದಿದೆ. ಕೃಷ್ಣಾ ಮೇಲ್ದಂಡೆ ಯೋಜನೆ ರೂಪಿಸಿದಾಗ ಲೆಕ್ಕ ಹಾಕಿದ್ದು ಕಡಿಮೆ ನೀರಿನ ಬೆಳೆಗಳಿಗೆ: ಜೋಳ, ತೊಗರಿ, ಶೇಂಗಾ, ಹತ್ತಿ. ತಲೆಯ ಕಡೆ ಬಂದದ್ದು ಭತ್ತ ಮತ್ತು ಕಬ್ಬು. ಬಾಲದ ಕಡೆಯ ರೈತ ನಮ್ಮ ಅಂಗಡಿಗೆ ಬಂದು ತೊಗರಿ ಚೀಲ ಇಳಿಸುವಾಗ ಹೇಳುವ ಸಂಕಟ ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಇವನ ದುಃಖಕ್ಕೆ ಔಷಧಿಯನ್ನು ನೂರಿಪ್ಪತ್ತೈದು ವರ್ಷದ ಹಿಂದೆ ಇದೇ ಭೀಮೆಯ ಉಪನದಿಯ ಮೇಲೆ ಒಬ್ಬರು ಬರೆದಿಟ್ಟಿದ್ದರು ಎಂದು ನನಗೇ ಗೊತ್ತಿರಲಿಲ್ಲ.

ಮುಂಬಯಿ ಸರ್ಕಾರದಲ್ಲಿ ಎಷ್ಟೋ ಹಿರಿಯರನ್ನು ದಾಟಿ ಅವರು ಸೂಪರಿಂಟೆಂಡಿಂಗ್ ಎಂಜಿನಿಯರ್ ಹುದ್ದೆವರೆಗೆ ಏರಿದರು. ಮುಖ್ಯ ಎಂಜಿನಿಯರ್ ಕುರ್ಚಿ ಬಿಳಿಯರಿಗೇ ಎಂದು ಗೊತ್ತಿತ್ತು. ಅದಕ್ಕಾಗಿ ಕಾದು ಕೂಡದೆ 1908ರಲ್ಲಿ ನಿವೃತ್ತಿ ಪಡೆದರು. ಇಪ್ಪತ್ತೈದು ವರ್ಷ ತುಂಬಿರಲಿಲ್ಲ, ಆದರೂ ಸರ್ಕಾರ ಪಿಂಚಣಿ ಕೊಟ್ಟಿತು. ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನೇ ತೊಳೆದಿತ್ತು. ಊರಿನ ಮೇಲ್ಗಡೆ ಕೆರೆಗಳನ್ನು ಕಟ್ಟಿ ಪ್ರವಾಹ ಹಿಡಿಯಬೇಕೆಂದು ಯೋಜನೆ ಹಾಕಿಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಅದರಿಂದ.

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಮರಳಿ ಬಂದರು. ಬರುವ ಮುಂಚೆ ಒಂದು ಮಾತು ಕೇಳಿ ಖಾತ್ರಿ ಮಾಡಿಕೊಂಡಿದ್ದರು: ಬರೀ ರಸ್ತೆ ಕಟ್ಟಡ ನೋಡಿಕೊಳ್ಳುವುದಾದರೆ ತಾವು ಬೇಡ, ಉದ್ಯೋಗ ಮತ್ತು ಶಿಕ್ಷಣದ ಕೆಲಸಕ್ಕೆ ಅವಕಾಶ ಇರಬೇಕು ಎಂದು. ಬಂದವರೇ ಕನ್ನಂಬಾಡಿ ಕಟ್ಟೆಯ ಯೋಜನೆ ಹಿಡಿದರು. ಮದ್ರಾಸ್ ಸರ್ಕಾರ ತಕರಾರು ಎತ್ತಿ 80 ಅಡಿಗೆ ಮಾತ್ರ ಒಪ್ಪಿತು. ಇವರ ನಕಾಶೆ 124 ಅಡಿಯದು. ಅಡಿಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ಬೇಕಾದಷ್ಟೇ ಅಗಲವಾಗಿ ಹಾಕಿಸಿಬಿಟ್ಟರು. ಸಿಮೆಂಟು ದುಬಾರಿ, ಹೀಗಾಗಿ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. 1911ರಲ್ಲಿ ಶುರುವಾದ ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು. ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ, ಬಸದಿ, ಗುಡಿ ಬಿಟ್ಟು ಬಂದ ನಮ್ಮ ಜಿಲ್ಲೆಯವರಿಗೆ ಆ ಊರಿನವರ ನೋವು ಏನೆಂದು ವಿವರಿಸಬೇಕಾಗಿಲ್ಲ. ಕಟ್ಟೆಯ ಕಥೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ನಾನೂ ಅದನ್ನೇ ಮಾಡಿದೆ.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಇಂದಿನ ಲೆಕ್ಕದಲ್ಲಿ ಮುಖ್ಯಮಂತ್ರಿ. ಚುನಾವಣೆಗೆ ನಿಂತವರಲ್ಲ, ಆದರೆ ರಾಜ್ಯದ ಆಡಳಿತವೆಲ್ಲ ಅವರ ಕೈಯಲ್ಲಿ. ಎಂಜಿನಿಯರ್ ಒಬ್ಬ ದಿವಾನನಾಗುವುದು ಹೊಸ ಮಾತಾಗಿತ್ತು. ಅಧಿಕಾರ ಒಪ್ಪುವ ಮುಂಚೆ ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮ ಹತ್ತಿರ ನೌಕರಿ ಶಿಫಾರಸು ಕೇಳಬಾರದೆಂದು ಮಾತು ತೆಗೆದುಕೊಂಡರೆಂದು ಜನ ಹೇಳುತ್ತಾರೆ. ಸಂಬಂಧಿಕರು ಊಟ ಹೇಗೆ ಮಾಡಿದರೋ!

ಆರು ವರ್ಷದಲ್ಲಿ ಅವರು ಮಾಡಿದ್ದನ್ನು ಓದಿದರೆ ತಲೆ ತಿರುಗುತ್ತದೆ. 1913ರಲ್ಲಿ ಮೈಸೂರು ಬ್ಯಾಂಕ್. ಅದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ 2017ರಲ್ಲಿ ದೊಡ್ಡ ಬ್ಯಾಂಕಿನಲ್ಲಿ ಸೇರಿಹೋಯಿತು. ಹೆಬ್ಬಾಳದಲ್ಲಿ ಕೃಷಿ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಶಾಲೆಗಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಯಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರು ಬಜೆಟ್ ಬಗ್ಗೆ ಮಾತಾಡುವಂತಾಯಿತು.

ವ್ಯಾಪಾರಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶ್ರೀಗಂಧದ ವ್ಯವಹಾರ. ಮೈಸೂರಿನ ಗಂಧದ ಕೊರಡು ಹಡಗು ಹತ್ತಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವವರು ಅವರು, ಲಾಭವೂ ಅವರದು. 1914ರಲ್ಲಿ ಯುದ್ಧ ಶುರುವಾಗಿ ಖರೀದಿ ನಿಂತಿತು. ಕೊರಡುಗಳು ಗೋದಾಮಿನಲ್ಲಿ ಬಿದ್ದವು. ಹಿಡಿದ ಮಾಲಿಗೆ ಗಿರಾಕಿ ಇಲ್ಲದ ದಿನ ಹೇಗಿರುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತು. ಯಾರಾದರೂ ಸಿಕ್ಕಿದ ಬೆಲೆಗೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ದಿವಾನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವು ಪಡೆದು ಇಲ್ಲಿಯೇ ಎಣ್ಣೆ ತೆಗೆಸಿದರು. 1916ರಲ್ಲಿ ಕಾರ್ಖಾನೆ ಎದ್ದಿತು. ಅದರ ಹಿಂದೆಯೇ ಸಾಬೂನು. ಇಂದಿಗೂ ಮನೆ ಮನೆಯಲ್ಲಿರುವ ಮೈಸೂರು ಸ್ಯಾಂಡಲ್ ಸಾಬೂನಿನ ಬೇರು ಇದು. ಇಂಡಿಯ ಲಿಂಬೆ ಚೀಲಗಟ್ಟಲೆ ಹೊರಗೆ ಹೋಗಿ ಬೇರೆಯವರ ಬಾಟಲಿಯಲ್ಲಿ ಉಪ್ಪಿನಕಾಯಿಯಾಗಿ ನಮ್ಮದೇ ಅಂಗಡಿಗೆ ಮರಳಿ ಬರುವುದನ್ನು ನೋಡಿದಾಗಲೆಲ್ಲ ಈಗ ನನಗೆ ಆ ಗಂಧದ ಕೊರಡು ನೆನಪಾಗುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇಷ್ಟು ಸುಲಭವಾಗಲಿಲ್ಲ. ಯೋಜನೆ ಅವರ ಕಾಲದ್ದು, ಉತ್ಪಾದನೆ 1923ರಲ್ಲಿ. ನಷ್ಟ ಏರಿ ಮುಚ್ಚುವ ಮಾತು ಬಂದಾಗ, ದಿವಾನಗಿರಿ ಬಿಟ್ಟಿದ್ದ ಅವರನ್ನೇ ಮತ್ತೆ ಕರೆದು ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ವರ್ಷಗಟ್ಟಲೆ ಕುಳಿತು ಅದನ್ನು ದಡ ಹತ್ತಿಸಿದರು. ಆ ಕೆಲಸಕ್ಕೆ ಬರಬೇಕಾದ ತಮ್ಮ ಸಂಭಾವನೆಯನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟು, ಅದಕ್ಕೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರರ ಹೆಸರು ಇಡಿಸಿದರು.

ಇನ್ನು ದಿವಾನಗಿರಿ ಬಿಟ್ಟ ಸಂಗತಿ. ಇದನ್ನು ಬಿಟ್ಟು ಬರೆದರೆ ಸುಲಭ, ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಹರಿದಂತೆ. ಆಗ ಮೈಸೂರು ಸರ್ಕಾರದ ನೌಕರಿಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಉಳಿದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ ತಮಗೂ ಪಾಲು ಬೇಕೆಂದು ಮಹಾರಾಜರ ಬಳಿಗೆ ಹೋದರು. 1918ರಲ್ಲಿ ಮಹಾರಾಜರು ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆಯನ್ನು ಬದಿಗಿಟ್ಟು ಜಾತಿ ನೋಡಿ ನೌಕರಿ ಕೊಟ್ಟರೆ ಆಡಳಿತ ಕೆಡುತ್ತದೆ ಎಂಬುದು ದಿವಾನರ ನಿಲುವು. ಹಿಂದುಳಿದವರಿಗೆ ಶಾಲೆ, ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತಬೇಕು, ಹುದ್ದೆ ಹಂಚಬಾರದು ಎಂದರು. ಮಹಾರಾಜರು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು.

ಕುರ್ಚಿಗಾಗಿ ಮಾತು ಬದಲಿಸಲಿಲ್ಲ ಎಂಬುದಕ್ಕೆ ನಮಸ್ಕಾರ. ಆದರೆ ಅವರು ಹೇಳಿದ್ದು ಪೂರ್ತಿ ಸರಿ ಎಂದು ನನಗೆ ಅನ್ನಿಸುವುದಿಲ್ಲ. ನೀರಾ ಕಾಲುವೆಯಲ್ಲಿ ತಲೆಯ ಕಡೆಯವರು ಬಿಟ್ಟಷ್ಟನ್ನು ಬಾಲದವರು ಕುಡಿಯಲಿ ಎಂದು ಅವರು ಹೇಳಲಿಲ್ಲ. ಬ್ಲಾಕ್ ಗುರುತಿಸಿ, ಇಷ್ಟು ನಿನಗೆ ಇಷ್ಟು ಅವನಿಗೆ ಎಂದು ಗೆರೆ ಹಾಕಿದರು. ಅದೇ ಲೆಕ್ಕ ನೌಕರಿಯ ಕಾಲುವೆಗೆ ಏಕೆ ಬೇಡವಾಯಿತು ಎಂಬುದು ನನಗೆ ತಿಳಿಯದು. ತಂದೆಯಿಲ್ಲದ ಹುಡುಗ ಮನೆಪಾಠ ಹೇಳಿ ಓದಿ ಮೇಲೆ ಬಂದಿದ್ದರು, ತಾವು ಬಂದ ದಾರಿಯಲ್ಲಿ ಎಲ್ಲರೂ ಬರಬಲ್ಲರು ಎಂದುಕೊಂಡರೋ ಏನೋ. ಆದರೆ ಓದು ಬರಹ ಮೊದಲೇ ಇದ್ದ ಮನೆಯಲ್ಲಿ ಹುಟ್ಟುವುದೂ ಒಂದು ಬಂಡವಾಳ. ಬಂಡವಾಳ ಇಲ್ಲದವನ ವ್ಯಾಪಾರ ಎಷ್ಟು ಕಷ್ಟ ಎಂಬುದು ನಮ್ಮ ಸಮಾಜಕ್ಕೆ ಬೇರೆಯವರು ಹೇಳಬೇಕಾಗಿಲ್ಲ. ಈ ಮಾತಿಗೆ ಹಿರಿಯರು ಕೆಲವರು ನನ್ನ ಮೇಲೆ ಸಿಟ್ಟಾಗಬಹುದು. ಆಗಲಿ.

ಅಧಿಕಾರ ಬಿಟ್ಟ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದರು, ಸುಮ್ಮನೆ ಕೂಡಲಿಲ್ಲ. ದೇಶದ ಆರ್ಥಿಕತೆಯನ್ನು ಯೋಜನೆ ಹಾಕಿ ಬೆಳೆಸಬೇಕೆಂದು 1934ರಲ್ಲಿಯೇ ಪುಸ್ತಕ ಬರೆದರು. ದೊಡ್ಡ ಯಂತ್ರ, ದೊಡ್ಡ ಕಾರ್ಖಾನೆ ಬೇಕೆಂಬುದರಲ್ಲಿ ಗಾಂಧೀಜಿಯವರ ಜೊತೆಗೂ ಅವರ ಅಭಿಪ್ರಾಯ ಕೂಡಲಿಲ್ಲ. ಈ ಕಾಲದಲ್ಲಿಯೇ ಅವರ ದಾರಿ ನಮ್ಮ ಸಮಾಜದ ಒಬ್ಬ ದೊಡ್ಡ ವ್ಯಕ್ತಿಯ ದಾರಿಯನ್ನು ಕೂಡಿತು. 1882ರಲ್ಲಿ ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ ಅವರು. ಅವರದೂ ಗುಜರಾತಿನಿಂದ ವಲಸೆ ಬಂದ ಮನೆತನ. ರೈಲ್ವೆ ಗುತ್ತಿಗೆಯಿಂದ ಮೇಲೆ ಬಂದು ಹಡಗು, ಸಕ್ಕರೆ ಎಂದು ಕೈಹಾಕಿದವರು. ನೀರಾ ನದಿಯ ಬಯಲಿನ ವಾಲಚಂದನಗರ ಅವರದೇ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರು ತಯಾರಿಸುವ ಯೋಜನೆ ಹಾಕಿದರು. ಅದಕ್ಕೆ ಹಣ ಮತ್ತು ಧೈರ್ಯ ಕೂಡಿಸಲು ವಾಲಚಂದರು ಮುಂದಾದರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡಲು ಮೈಸೂರು ಸರ್ಕಾರವೂ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಯುದ್ಧದ ಕಾಲದಲ್ಲಿ ಸಹಕಾರ ಕೊಡಲಿಲ್ಲ, ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ವಾಲಚಂದರು ಬಿಡಲಿಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲಿನೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್. ಹಳೆಯ ಪದ್ಮಿನಿ ಕಾರು ಕಂಡವರಿಗೆ ಇದು ಗೊತ್ತು. ಆದರೆ ಅದರ ಮೂಲದಲ್ಲಿ ಮುದ್ದೇನಹಳ್ಳಿಯ ಈ ಮುದುಕರ ನಕಾಶೆ ಇತ್ತೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ತೊಂಬತ್ತು ದಾಟಿದ ಮೇಲೆ ಬಿಹಾರಕ್ಕೆ ಹೋಗಿ, ಗಂಗೆಗೆ ಸೇತುವೆ ಮೊಕಾಮಾದಲ್ಲಿ ಆಗಲಿ ಎಂದು ಜಾಗ ಸೂಚಿಸಿದರು. 1955ರಲ್ಲಿ ಭಾರತರತ್ನ ಬಂತು. ಮರುವರ್ಷ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ಅವರು ಯೌವನದಲ್ಲಿ ದುಡಿದ ಸೀಮೆ ಮತ್ತು ಅವರು ದಿವಾನರಾಗಿದ್ದ ಸೀಮೆ ಅವರ ಕಣ್ಣ ಮುಂದೆಯೇ ಒಂದಾದವು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ನೂರು ವರ್ಷ ತುಂಬಿತ್ತು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅದಾಗಿ ಎರಡು ವರ್ಷಕ್ಕೆ, 1964ರ ಮೇ 22ರಂದು, ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಬಂದು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು.